ಸಹಿ ಯಾರದು, ಸ್ವಾಮಿ?

ನಮ್ಮ ಕಚೇರಿಗಳಲ್ಲಿ ಬೇರೇನು ಮುಂದುವರಿದಿದೆಯೋ ಗೊತ್ತಿಲ್ಲ, ನೆವ ಮಾತ್ರ ಮುಂದುವರಿದಿದೆ. ಮೊದಲು 'ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ' ಎನ್ನುತ್ತಿದ್ದರು. ಆಮೇಲೆ 'ಫೈಲು ಮೇಲಕ್ಕೆ ಹೋಗಿದೆ' ಬಂತು. ಕಂಪ್ಯೂಟರ್ ಬಂದ ಮೇಲೆ 'ಸರ್ವರ್ ಡೌನ್'. ಈಗ 'ಸಿಸ್ಟಮ್ ತಗೋತಿಲ್ಲ'. ಮುಂದಿನದು ಬಾಗಿಲಲ್ಲೇ ನಿಂತಿದೆ: 'ಎಐ ರಿಜೆಕ್ಟ್ ಮಾಡಿದೆಯಮ್ಮಾ, ನಾವೇನ್ ಮಾಡೋಣ?'

ಕಳ್ಳನಿಗೊಂದು ಪಿಳ್ಳೆ ನೆವ ಅಂತಾರೆ. ಈ ಸಲದ ನೆವ ಪಿಳ್ಳೆಯದಲ್ಲ. ಕೇಂದ್ರ ಸಂಪುಟ 2024ರ ಮಾರ್ಚ್‌ನಲ್ಲಿ ಎಐ ಮಿಷನ್‌ಗೆ ಕೊಟ್ಟದ್ದು 10,300 ಕೋಟಿ ರೂಪಾಯಿಗೂ ಹೆಚ್ಚು.

ಹಳೆಯ ನೆವಗಳಿಗೆ ಒಂದು ಮರ್ಯಾದೆ ಇತ್ತು. ಮೀಟಿಂಗ್ ಎಂದಾದರೂ ಮುಗಿಯುತ್ತಿತ್ತು. ಸರ್ವರ್ ಸಂಜೆಯೊಳಗೆ ಏಳುತ್ತಿತ್ತು. ಗುಮಾಸ್ತ ಕೈಚಾಚಿದರೆ ಲೋಕಾಯುಕ್ತಕ್ಕೆ ಹೋಗಬಹುದಿತ್ತು. ಎಐ ಮೇಲೆ ಯಾರಿಗೆ ದೂರು ಕೊಡುತ್ತೀರಿ? ಅದು ಲಂಚ ಕೇಳುವುದಿಲ್ಲ, ನಿಜ. ಆದರೆ ಅದಕ್ಕೆ ಅಮಾನತಿಲ್ಲ, ವರ್ಗಾವಣೆಯಿಲ್ಲ, ಇಲಾಖಾ ವಿಚಾರಣೆಯಿಲ್ಲ. ಮುಖ್ಯವಾಗಿ, ನಾಚಿಕೆಯಿಲ್ಲ. ನಮ್ಮ ಆಡಳಿತ ಎಷ್ಟೋ ವರ್ಷಗಳಿಂದ ಹುಡುಕುತ್ತಿದ್ದ ನೌಕರ ಕೊನೆಗೂ ಸಿಕ್ಕಿದ್ದಾನೆ.

ಎಐ ನೈತಿಕತೆ ಚರ್ಚಿಸಲು ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಸಮ್ಮೇಳನಗಳಿಗೆ ಬರವಿಲ್ಲ. ಹನ್ನೊಂದಕ್ಕೆ ಬರಬೇಕಾದ ಮಂತ್ರಿಗಳು ಒಂದಕ್ಕೆ ಬರುತ್ತಾರೆ. ದೀಪ ಬೆಳಗುತ್ತಾರೆ. 'ಇಂದಿನ ವೇಗವಾಗಿ ಬದಲಾಗುತ್ತಿರುವ ಜಗತ್ತಿನಲ್ಲಿ' ಎಂದು ಭಾಷಣ ಶುರುವಾಗುತ್ತದೆ. ಬರೆದುಕೊಟ್ಟದ್ದು ಆಪ್ತ ಕಾರ್ಯದರ್ಶಿಯಲ್ಲ, ಯಂತ್ರ ಎನ್ನುವುದು ಮೊದಲ ಸಾಲಿಗೇ ಗೊತ್ತಾಗುತ್ತದೆ. ಊಟವಾದ ಮೇಲೆ ಪಂಡಿತರ ಚರ್ಚೆ: 2050ರ ಹೊತ್ತಿಗೆ ಯಂತ್ರಕ್ಕೆ ಪ್ರಜ್ಞೆ ಬಂದರೆ ಅದಕ್ಕೆ ಹಕ್ಕುಗಳನ್ನು ಕೊಡಬೇಕೇ, ಬೇಡವೇ?

ಅದೇ ಸಭಾಂಗಣದ ಬಾಗಿಲಲ್ಲಿ ಗುತ್ತಿಗೆ ಸೆಕ್ಯುರಿಟಿಯವನು ನಿಂತಿರುತ್ತಾನೆ. ಹನ್ನೆರಡು ಗಂಟೆ ಡ್ಯೂಟಿ. ಬೆಳಿಗ್ಗೆ ಮೊಬೈಲಿಗೆ ಮುಖ ತೋರಿಸಿ ಹಾಜರಿ ಹಾಕಬೇಕು. ಆ್ಯಪ್ ಮುಖ ಗುರುತಿಸದಿದ್ದರೆ ಆ ದಿನದ ಕೂಲಿ ಕಟ್. ಇವನಿಗೆ ಪ್ರಜ್ಞೆ ಈಗಾಗಲೇ ಇದೆ. ಇವನ ಹಕ್ಕು ಮಾತ್ರ ಕಾರ್ಯಸೂಚಿಯಲ್ಲಿಲ್ಲ.

2050ರವರೆಗೆ ಕಾಯುವುದೇಕೆ? ಪಕ್ಕದ ತೆಲಂಗಾಣಕ್ಕೆ ಹೋಗಿ ಬನ್ನಿ. ಅಲ್ಲಿ 'ಸಮಗ್ರ ವೇದಿಕ' ಎಂಬ ವ್ಯವಸ್ಥೆಯಿದೆ. ವಾಹನ ನೋಂದಣಿ, ಆಸ್ತಿ, ವಿದ್ಯುತ್ ಸಂಪರ್ಕ ಹೀಗೆ ನೂರೆಂಟು ಕಡೆಯ ದಾಖಲೆ ಜೋಡಿಸಿ, ಯಾರು ಬಡವರು, ಯಾರು ಬಡವರ ವೇಷದವರು ಎಂದು ತೀರ್ಮಾನಿಸುವ ಯಂತ್ರ. 2014ರಿಂದ 2019ರ ನಡುವೆ ಆ ರಾಜ್ಯದಲ್ಲಿ 18 ಲಕ್ಷಕ್ಕೂ ಹೆಚ್ಚು ಪಡಿತರ ಚೀಟಿಗಳು ನೋಟಿಸೂ ಇಲ್ಲದೆ ರದ್ದಾದವು. 2022ರಲ್ಲಿ ಸುಪ್ರೀಂ ಕೋರ್ಟ್ ಮರುಪರಿಶೀಲನೆ ಮಾಡಿ ಎಂದಿತು. ನೋಡಿದರೆ, ಸಾವಿರಾರು ಮಂದಿ ಅಪ್ಪಟ ಅರ್ಹರು.

ಅವರಲ್ಲಿ ಒಬ್ಬ ವಿಧವೆಯ ಕಥೆಯನ್ನು 2024ರಲ್ಲಿ ಪತ್ರಕರ್ತರು ಹೊರಗೆಳೆದರು. ಗಂಡ ರಿಕ್ಷಾ ತುಳಿಯುತ್ತಿದ್ದವನು. ಯಂತ್ರದ ಲೆಕ್ಕದಲ್ಲಿ ಅವನು ಕಾರಿನ ಮಾಲೀಕ. ಅದೇ ಧಾಟಿಯ ಹೆಸರಿನ ಬೇರೆ ಯಾರೋ ಕಾರು ಕೊಂಡಿದ್ದರು. ಕಾರು ಅವರ ಮನೆ ಮುಂದೆ ನಿಂತಿತು, ಅಕ್ಕಿ ಇವಳ ಮನೆಯಿಂದ ಹೋಯಿತು. ಮನೆ ಬಾಗಿಲಿಗೆ ಹೋಗಿ ನೋಡಿದ್ದರೆ ಎರಡು ನಿಮಿಷದ ಕೆಲಸ. ಆದರೆ ಕಣ್ಣಿಗೆ ಕಂಡ ಬಡತನಕ್ಕಿಂತ ಪರದೆಯ ಮೇಲಿನ ಕಾರಿಗೇ ಬೆಲೆ.

ತೆಲಂಗಾಣವನ್ನು ನೋಡಿ ನಗುವ ಹಕ್ಕು ನಮಗಿಲ್ಲ. 2024ರ ನವೆಂಬರ್‌ನಲ್ಲಿ ನಮ್ಮಲ್ಲೂ ದತ್ತಾಂಶ ತಾಳೆ ಹಾಕಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್ ಮಾಡಿದರು. ಜನ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತಾಗಲೇ ತಾವು ರಾತ್ರೋರಾತ್ರಿ ಸಿರಿವಂತರಾದದ್ದು ತಿಳಿದದ್ದು. ಗಲಾಟೆಯಾಯಿತು. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡಿ ಎಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಕಾರ್ಡು ಬಂತು. ಕಿತ್ತುಕೊಂಡವರು ಯಾರೆಂಬ ಉತ್ತರ ಬರಲಿಲ್ಲ. ತಾಂತ್ರಿಕ ಸಮಸ್ಯೆ. ಈ ನಾಡಿನಲ್ಲಿ ಅತಿ ಹೆಚ್ಚು ಅಪರಾಧ ಮಾಡಿಯೂ ಒಮ್ಮೆಯೂ ಜೈಲಿಗೆ ಹೋಗದ ವ್ಯಕ್ತಿ ಈ ತಾಂತ್ರಿಕ ಸಮಸ್ಯೆ.

ಯಂತ್ರದ ತಪ್ಪಿಗೆ ಕ್ಷಮೆಯೇ ಇಲ್ಲ ಎಂದಲ್ಲ. ಇದೆ. ಯಾರ ವಿಷಯದಲ್ಲಿ ತಪ್ಪು ಮಾಡಿತು ಎನ್ನುವುದರ ಮೇಲೆ ಹೋಗುತ್ತದೆ. 2025ರ ಜುಲೈನಲ್ಲಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ಸುದ್ದಿಯನ್ನು ಅವರ ಕಚೇರಿ ಕನ್ನಡದಲ್ಲಿ ಹಾಕಿತು. ಮೆಟಾ ಕಂಪನಿಯ ಯಂತ್ರ ಅದನ್ನು ಇಂಗ್ಲಿಷಿಗೆ ತಂದು, ಮುಖ್ಯಮಂತ್ರಿಗಳನ್ನೇ ಸಾಯಿಸಿತು. ಅವರು ಸಿಡಿದರು. ಕಚೇರಿಯಿಂದ ಪತ್ರ ಹೋಯಿತು. ಕೆಲವೇ ದಿನಗಳಲ್ಲಿ ಕ್ಷಮೆ ಬಂತು, ಸರಿಪಡಿಸಿದ್ದೇವೆ ಎಂಬ ವಿವರಣೆಯೂ ಬಂತು.

ಸರಿಯೇ. ಬದುಕಿರುವ ಮುಖ್ಯಮಂತ್ರಿಯನ್ನು ಸತ್ತರು ಎಂದದ್ದಕ್ಕೆ ಜಾಗತಿಕ ಕಂಪನಿ ತಲೆಬಾಗಿತು. ಬದುಕಿದ್ದೂ ಪಿಂಚಣಿ ಪಟ್ಟಿಯಲ್ಲಿ ಸತ್ತು, 'ನಾನು ಬದುಕಿದ್ದೇನೆ ಸಾರ್' ಎಂದು ತಾಲ್ಲೂಕು ಕಚೇರಿಗೆ ಅಲೆಯುವ ಅಜ್ಜಿಗೆ ತಲೆಬಾಗುವವರು ಯಾರು? ಅವಳಿಗೆ ಮಾಧ್ಯಮ ಸಲಹೆಗಾರರಿಲ್ಲ. ಅವಳು ಪ್ರತಿ ವರ್ಷ ಜೀವಂತ ಪ್ರಮಾಣಪತ್ರ ತರಬೇಕು.

ಈಗ ಗರ್ಭಿಣಿಯರ ಸರದಿ. 2025ರ ಜುಲೈನಿಂದ ಅಂಗನವಾಡಿಯಲ್ಲಿ ಮನೆಗೆ ಒಯ್ಯುವ ಆಹಾರ ಬೇಕೆಂದರೆ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮುಖ ತೋರಿಸಬೇಕು. ಸುಮ್ಮನೆ ತೋರಿಸಿದರೆ ಸಾಲದು, ಕಣ್ಣು ಮಿಟುಕಿಸಬೇಕು. ನೆಟ್‌ವರ್ಕ್ ಸಿಗದ ಊರಲ್ಲಿ ಕಾರ್ಯಕರ್ತೆ ಮೊಬೈಲನ್ನು ಆಕಾಶಕ್ಕೆ ಹಿಡಿದು ನಿಲ್ಲುತ್ತಾಳೆ. ಬಸುರಿ ಹೆಂಗಸು ಬಿಸಿಲಲ್ಲಿ ನಿಂತು ಮಿಟುಕಿಸುತ್ತಾಳೆ. 'ಇನ್ನೊಂದ್ಸಲ ಮಿಟುಕ್ಸಕ್ಕಾ, ತಗೋತಿಲ್ಲ.' ಒಂದು ಪೊಟ್ಟಣ ಪೌಷ್ಟಿಕ ಆಹಾರಕ್ಕೆ ಇಷ್ಟು ಅಭಿನಯ. ಟೆಂಡರುಗಳಲ್ಲಿ ಕೋಟಿ ನುಂಗುವವರನ್ನು ಯಾವ ಆ್ಯಪ್ ಕಣ್ಣು ಮಿಟುಕಿಸು ಎಂದು ಕೇಳುತ್ತದೆ? ಅಲ್ಲಿ ಕಣ್ಣು ಮಿಟುಕಿಸುವವರು ಅಧಿಕಾರಿಗಳು.

ಯಂತ್ರ ಎಲ್ಲರ ಮುಖವನ್ನೂ ಒಂದೇ ಥರ ನೋಡುತ್ತದೆ ಎಂದು ನಂಬಿಸುವವರಿದ್ದಾರೆ. 2018ರಲ್ಲಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು ದೊಡ್ಡ ಕಂಪನಿಗಳ ಯಂತ್ರಗಳಿಗೆ ಮುಖ ತೋರಿಸಿ, ಇದು ಗಂಡೋ ಹೆಣ್ಣೋ ಹೇಳು ಎಂದರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇ 1ಕ್ಕಿಂತ ಕಡಿಮೆ. ಕಪ್ಪು ಹೆಂಗಸರ ವಿಷಯದಲ್ಲಿ ಒಂದು ಯಂತ್ರದ ತಪ್ಪು ಶೇ 34ನ್ನೂ ದಾಟಿತು. ಆಮೇಲೆ ಸುಧಾರಿಸಿದ್ದೇವೆ ಎನ್ನುತ್ತಾರೆ. ಸುಧಾರಿಸಿರಬಹುದು. ಹೊಲದಲ್ಲಿ ದುಡಿದು ಕಪ್ಪಾದ ನಮ್ಮ ರಾಯಚೂರು, ಕಲಬುರಗಿಯ ಮುಖಗಳ ಮೇಲೆ ಪರೀಕ್ಷೆ ಮಾಡಿದ ಲೆಕ್ಕ ಎಲ್ಲಿದೆ, ತೋರಿಸಿ ಎಂದರೆ ಮೌನ.

ಅಂದ ಹಾಗೆ, ಆ ಗೆಬ್ರು ಆಮೇಲೆ ಗೂಗಲ್‌ನಲ್ಲಿ ಎಐ ನೈತಿಕತೆಯ ತಂಡವನ್ನು ಮುನ್ನಡೆಸುವವರಲ್ಲಿ ಒಬ್ಬರಾಗಿದ್ದರು. ದೊಡ್ಡ ಭಾಷಾ ಮಾದರಿಗಳ ಅಪಾಯದ ಬಗ್ಗೆ ಪ್ರಬಂಧ ಬರೆದರು. 2020ರ ಡಿಸೆಂಬರ್‌ನಲ್ಲಿ ಹೊರಗಿದ್ದರು. ತೆಗೆದುಹಾಕಿದರು ಎನ್ನುತ್ತಾರೆ ಅವರು, ತಾವೇ ಬಿಟ್ಟರು ಎನ್ನುತ್ತದೆ ಕಂಪನಿ. ನೈತಿಕತೆ ಇರಲಿ, ಬಾಯಿ ಬಿಡದಿರಲಿ: ಇಷ್ಟೇ ಷರತ್ತು. 2023ರಲ್ಲಿ ಮೈಕ್ರೋಸಾಫ್ಟ್ ಖರ್ಚು ಉಳಿಸಲು ಹೊರಟಾಗ ಮನೆಗೆ ಹೋದವರಲ್ಲಿ ಅಲ್ಲಿನ ನೈತಿಕತೆಯ ಒಂದು ತಂಡವೂ ಇತ್ತು. ಕಷ್ಟಕಾಲದಲ್ಲಿ ಮೊದಲು ಅಡವಿಡುವುದು ಮನೆಯಲ್ಲಿ ಉಪಯೋಗಕ್ಕೆ ಬಾರದ ಸಾಮಾನನ್ನೇ ತಾನೆ.

ಇನ್ನು ಪ್ರವಾದಿಗಳು. 2023ರ ಮೇ ತಿಂಗಳಲ್ಲಿ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅಮೆರಿಕದ ಸೆನೆಟ್ ಮುಂದೆ ಕೂತು, ನಮಗೆ ನಿಯಂತ್ರಣ ಬೇಕು ಎಂದು ವಿನಯದಿಂದ ಕೇಳಿಕೊಂಡರು. ಅದೇ ತಿಂಗಳು, ಎಐ ಮನುಕುಲವನ್ನೇ ಅಳಿಸಬಹುದು ಎಂಬ ಎಚ್ಚರಿಕೆಗೆ ಸಹಿಯೂ ಹಾಕಿದರು. ಮುಂದಿನ ತಿಂಗಳು ಹೊರಬಂದ ವರದಿ: ಯುರೋಪಿನ ಎಐ ಕಾನೂನು ತಮ್ಮ ಉತ್ಪನ್ನಗಳ ಮೇಲೆ ಬಿಗಿಯಾಗಿ ಬೀಳದಂತೆ ಇದೇ ಕಂಪನಿ ಅಲ್ಲಿ ಓಡಾಡಿತ್ತು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದನ್ನು ಅಮೆರಿಕದವರಿಗೆ ಯಾರು ಕಲಿಸಿದರೋ.

ಇಲಾನ್ ಮಸ್ಕ್ ಇನ್ನೂ ಒಂದು ಕೈ ಮೇಲೆ. ಆರು ತಿಂಗಳು ಎಲ್ಲರೂ ದೊಡ್ಡ ಎಐ ಕಟ್ಟುವುದನ್ನು ನಿಲ್ಲಿಸಿ ಎಂಬ ಪತ್ರಕ್ಕೆ 2023ರ ಮಾರ್ಚ್‌ನಲ್ಲಿ ಸಹಿ ಹಾಕಿದರು. ಜುಲೈನಲ್ಲಿ ತಮ್ಮದೇ ಎಐ ಕಂಪನಿ ಘೋಷಿಸಿದರು. ಎಲ್ಲರೂ ನಿಲ್ಲಿ, ನಾನು ಬರುವವರೆಗೆ. ಬಸ್ ಸ್ಟ್ಯಾಂಡಿನಲ್ಲಿ ಸೀಟಿಗೆ ಟವೆಲ್ ಹಾಕುವವನ ನೈತಿಕತೆ ಇದು. ಇದನ್ನು ಇಡೀ ಜಗತ್ತು ದಾರ್ಶನಿಕತೆ ಎಂದು ಓದಿಕೊಂಡಿತು.

ಮನುಕುಲ ಅಳಿಯುತ್ತದೆ ಎಂದು ಹೆದರಿಸುವುದರಲ್ಲಿ ಒಂದು ಅನುಕೂಲವಿದೆ. ಅಷ್ಟು ದೊಡ್ಡ ಭಯದ ಮುಂದೆ ಸಣ್ಣ ಪ್ರಶ್ನೆಗಳು ಕಾಣುವುದಿಲ್ಲ. ಯಂತ್ರಕ್ಕೆ ಕಲಿಸಲು ಯಾರ ಪುಸ್ತಕ, ಯಾರ ಚಿತ್ರ ಎತ್ತಿಕೊಂಡಿರಿ? ಅದರ ಕೊಳೆ ತೊಳೆಯಲು ಕೀನ್ಯಾದಲ್ಲಿ ಗಂಟೆಗೆ ಎರಡು ಡಾಲರಿಗಿಂತ ಕಡಿಮೆ ಕೂಲಿಗೆ ಯಾರನ್ನು ಕೂರಿಸಿದಿರಿ? ಮನುಕುಲವೇ ಮುಳುಗುವಾಗ ಕೂಲಿಯ ಮಾತಾಡುವುದು ಅಸಭ್ಯ, ಅಲ್ಲವೇ.

ಕೂಲಿ ಎಂದಾಗ ಬೆಂಗಳೂರು ನೆನಪಾಗುತ್ತದೆ. 2023ರ ಜುಲೈನಲ್ಲಿ ಇಲ್ಲಿನ 'ದುಕಾನ್' ಎಂಬ ಸ್ಟಾರ್ಟಪ್ ಮುಖ್ಯಸ್ಥರು, ಗ್ರಾಹಕ ಸೇವೆಯ ಶೇ 90ರಷ್ಟು ಮಂದಿಯನ್ನು ತೆಗೆದು ಚಾಟ್‌ಬಾಟ್ ಕೂರಿಸಿದ್ದೇವೆ ಎಂದು ಟ್ವಿಟರಿನಲ್ಲಿ ಸಾರಿದರು. ಮೊದಲೆಲ್ಲ ಕೆಲಸದಿಂದ ತೆಗೆಯುವುದನ್ನು ಬಾಗಿಲು ಮುಚ್ಚಿ ಮಾಡುತ್ತಿದ್ದರು. ಈಗ ಲೈಕ್ ಎಣಿಸುತ್ತಾ ಮಾಡುತ್ತಾರೆ. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರಲ್ಲಿ ತನ್ನ ಬಾಟ್ 700 ಮಂದಿಯ ಕೆಲಸ ಮಾಡುತ್ತಿದೆ ಎಂದು ಬೀಗಿತು. ಮರುವರ್ಷ, ಗ್ರಾಹಕರಿಗೆ ಮಾತಾಡಲು ಮನುಷ್ಯರು ಬೇಕು ಎಂದು ಮತ್ತೆ ಹುಡುಕಲು ಹೊರಟಿತು. 2025ರಲ್ಲಿ ಟಿಸಿಎಸ್ ಸುಮಾರು 12 ಸಾವಿರ ಮಂದಿಯನ್ನು ಬಿಡುವುದಾಗಿ ಹೇಳಿ, ಇದು ಎಐ ಕಾರಣದಿಂದಲ್ಲ, ಕೌಶಲ ಹೊಂದುತ್ತಿಲ್ಲ ಎಂದಿತು. ಷೇರುದಾರರ ಮುಂದೆ ಎಲ್ಲವೂ ಎಐ. ಕೆಲಸ ಹೋದವನ ಮುಂದೆ ಎಐ ಅಲ್ಲವೇ ಅಲ್ಲ.

ಈ ನಡುವೆ ವಾರಕ್ಕೆ 70 ಗಂಟೆ ದುಡಿಯಿರಿ ಎಂದು 2023ರಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿಯವರು ಯುವಕರಿಗೆ ಹೇಳಿದರು. ಯಂತ್ರ ಬಂದು ನಮ್ಮ ಕೆಲಸ ಹಗುರ ಮಾಡುತ್ತದೆ ಎಂದೂ ಇದೇ ಊರಿನ ವೇದಿಕೆಗಳಲ್ಲಿ ಹೇಳುತ್ತಾರೆ. ಎರಡನ್ನೂ ಕೂಡಿಸಿದರೆ ಬರುವ ಉತ್ತರ ಸರಳ: ಅರ್ಧ ಜನರಿಗೆ ಕೆಲಸವಿಲ್ಲ, ಉಳಿದರ್ಧಕ್ಕೆ ನಿದ್ದೆಯಿಲ್ಲ.

ಪಾಪ, ಮೂರ್ತಿಯವರನ್ನೂ ಯಂತ್ರ ಬಿಟ್ಟಿಲ್ಲ. ಅವರು ಷೇರು ವ್ಯವಹಾರದ ಆ್ಯಪ್‌ಗೆ ಶಿಫಾರಸು ಮಾಡುತ್ತಿರುವಂತೆ ನಕಲಿ ವಿಡಿಯೊಗಳು ಬಂದವು. ನಂಬಿದ ಬೆಂಗಳೂರಿಗರು ಲಕ್ಷಗಟ್ಟಲೆ ಕಳೆದುಕೊಂಡರು. ಕೊಡಗಿನ ಹುಡುಗಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು 2023ರಲ್ಲಿ ಇನ್ನೊಬ್ಬರ ದೇಹಕ್ಕೆ ಅಂಟಿಸಿ ಹರಿಬಿಟ್ಟಾಗ ದೇಶವೇ ಬೆಚ್ಚಿತು. ಮಿಕ್ಸಿ ಕೊಳ್ಳಬೇಕು ಎಂದು ನೀವು ಅಡುಗೆಮನೆಯಲ್ಲಿ ಗೊಣಗಿದರೆ ಐದು ನಿಮಿಷದಲ್ಲಿ ಮಿಕ್ಸಿಯ ಜಾಹೀರಾತು ತೋರಿಸುವಷ್ಟು ಚುರುಕು ಎಂದು ನಾವು ಅನುಮಾನಪಡುವ ಕಂಪನಿಗಳಿಗೆ, ತಮ್ಮಲ್ಲೇ ಹರಿದಾಡುವ ನಕಲಿ ಮೂರ್ತಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಕಾಸು ಬರುವಾಗ ಬುದ್ಧಿವಂತ, ಪ್ರಶ್ನೆ ಬರುವಾಗ ಬರೀ ವೇದಿಕೆ.

ನ್ಯಾಯಾಲಯಕ್ಕೆ ಹೋಗೋಣ ಎನ್ನುತ್ತೀರಾ? ತಡೆಯಿರಿ. 2024ರ ಡಿಸೆಂಬರ್ ಕೊನೆಗೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಒಂದು ಆದೇಶ ಹೊರಡಿಸಿತು. ಅದು ಆಧಾರವಾಗಿಟ್ಟುಕೊಂಡ ತೀರ್ಪುಗಳಲ್ಲಿ ಕೆಲವನ್ನು ಯಾವ ಕೋರ್ಟೂ ಕೊಟ್ಟಿರಲಿಲ್ಲ. ಆದೇಶ ವಾಪಸಾಯಿತು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರ ಆದೇಶದಲ್ಲೂ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಸಿಕ್ಕವು. ಹೈಕೋರ್ಟ್ ಗರಂ ಆಗಿ ಕ್ರಮಕ್ಕೆ ಹೇಳಿತು. ಎರಡೂ ಕಡೆ ಜನ ಬೆರಳು ತೋರಿಸಿದ್ದು ಚಾಟ್‌ಬಾಟ್‌ನತ್ತ. ಕಕ್ಷಿದಾರ ಸುಳ್ಳು ಸಾಕ್ಷಿ ತಂದರೆ ಜೈಲು. ಪೀಠವೇ ಸುಳ್ಳು ತೀರ್ಪು ತಂದರೆ? ಪಕ್ಕದ ಕೇರಳ ಹೈಕೋರ್ಟ್ 2025ರ ಜುಲೈನಲ್ಲೇ, ತೀರ್ಪು ಕೊಡಲು ಎಐ ಬಳಸಕೂಡದು ಎಂದು ತನ್ನ ಜಿಲ್ಲಾ ನ್ಯಾಯಾಲಯಗಳಿಗೆ ನೀತಿ ಬರೆದುಕೊಟ್ಟಿತು. ತೀರ್ಪಿಗೆ ಮನುಷ್ಯನೇ ಹೊಣೆ. ಇಷ್ಟು ಸರಳ ಮಾತನ್ನು ನೀತಿಯಾಗಿ ಬರೆಯಬೇಕಾದ ಕಾಲ ಬಂದಿದೆ.

ಶಾಲೆಗಳ ಕಡೆ ನೋಡಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಮುಖ ಗುರುತಿಸುವ ಹಾಜರಾತಿ ತರುತ್ತೇವೆ ಎಂದು ನಮ್ಮ ಸರ್ಕಾರ 2025ರಲ್ಲಿ ಹೇಳಿತು. ರಾಜ್ಯದಲ್ಲಿ ಒಬ್ಬರೇ ಮೇಷ್ಟ್ರಿರುವ ಶಾಲೆಗಳು ಸಾವಿರಾರು. ಆ ಒಬ್ಬ ಮೇಷ್ಟ್ರು ಬಿಸಿಯೂಟ ನೋಡಬೇಕು, ಮೊಟ್ಟೆ ಎಣಿಸಬೇಕು, ಸಮೀಕ್ಷೆಗೆ ಹೋಗಬೇಕು. ಇನ್ನು ಮುಂದೆ ಮಕ್ಕಳ ಫೋಟೊವನ್ನೂ ತೆಗೆಯಬೇಕು. ಮಗು ಶಾಲೆಗೆ ಬಂದಿದೆ ಎಂದು ಎಐ ದೃಢಪಡಿಸುತ್ತದೆ. ಕಲಿಸುವವರು ಬಂದಿದ್ದಾರೆಯೇ ಎಂದು ಮಗು ಯಾರನ್ನು ಕೇಳಬೇಕು?

ನಾವೇನು ಕಡಿಮೆಯೇ? ಆಧಾರ್ ಜೆರಾಕ್ಸ್ ಕೇಳಿದರೆ 'ನನ್ನ ಖಾಸಗಿತನ' ಎಂದು ಕೂಗಾಡಿದ ಮಹನೀಯರೇ 2025ರ ಮಾರ್ಚ್‌ನಲ್ಲಿ ಜಿಬ್ಲಿ ಕಾರ್ಟೂನು ಶೈಲಿಯ ಚಿತ್ರ ಬೇಕೆಂದು ಇಡೀ ಕುಟುಂಬದ ಫೋಟೊವನ್ನು, ತೊಟ್ಟಿಲ ಕೂಸಿನ ಸಮೇತ, ಕಂಡರಿಯದ ಸರ್ವರಿಗೆ ಏರಿಸಿದರು. ಮಗನ ಪ್ರಾಜೆಕ್ಟ್ ಚಾಟ್‌ಜಿಪಿಟಿ ಬರೆಯುತ್ತದೆ. ಮೇಷ್ಟ್ರು ಅದೇ ಚಾಟ್‌ಜಿಪಿಟಿಯಿಂದ ಅದನ್ನು ತಿದ್ದಿಸುತ್ತಾರೆ. ಯಂತ್ರ ಯಂತ್ರಕ್ಕೆ ಅಂಕ ಕೊಡುತ್ತದೆ. ಫೀಸು ಮಾತ್ರ ಮನುಷ್ಯ ಕಟ್ಟುತ್ತಾನೆ. ನವೆಂಬರ್ ಬಂತೆಂದರೆ ಕನ್ನಡ ಉಳಿಸಿ ಎಂಬ ಭಾಷಣವನ್ನೂ ಕ್ಯಾಲಿಫೋರ್ನಿಯಾದ ಯಂತ್ರವೇ ಬರೆದುಕೊಡುತ್ತದೆ.

ಬೇರೆ ಕಡೆ ಹೊಣೆ ಎಂಬುದೊಂದು ಇದೆ. ನೆದರ್‌ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆಯುತ್ತಿದ್ದ ಸಾವಿರಾರು ಪೋಷಕರಿಗೆ ತೆರಿಗೆ ಇಲಾಖೆ ವಂಚಕರ ಪಟ್ಟ ಕಟ್ಟಿತು. ಯಾರನ್ನು ಅನುಮಾನಿಸಬೇಕು ಎಂದು ಹೇಳುತ್ತಿದ್ದ ಅದರ ಯಂತ್ರಕ್ಕೆ ವಿದೇಶಿ ಮೂಲದವರ ಮೇಲೆ ಹೆಚ್ಚು ಕಣ್ಣು. ಮನೆಗಳು ಮುರಿದವು. 2021ರ ಜನವರಿಯಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಸಂಪುಟ ಸಮೇತ ರಾಜೀನಾಮೆ ಕೊಟ್ಟರು. ಆಮೇಲೆ ಚುನಾವಣೆ ಗೆದ್ದು ಮತ್ತೆ ಅವರೇ ಪ್ರಧಾನಿಯಾದರು, ಅದು ಬೇರೆ ಮಾತು. ರಾಜಕಾರಣಿ ಎಲ್ಲಿದ್ದರೂ ರಾಜಕಾರಣಿಯೇ. ಆದರೆ ಯಂತ್ರದ ತಪ್ಪು ತನ್ನ ತಪ್ಪು ಎಂದು ಒಂದು ಸರ್ಕಾರ ಒಪ್ಪಿಕೊಂಡಿತು. ಬಡವರಿಗೆ ಯಂತ್ರದಿಂದ ಸುಳ್ಳು ಸಾಲದ ನೋಟಿಸು ಕಳಿಸಿದ ಆಸ್ಟ್ರೇಲಿಯಾದಲ್ಲಿ ರಾಯಲ್ ಕಮಿಷನ್ ಕೂತು, 2023ರಲ್ಲಿ ಮಾಜಿ ಪ್ರಧಾನಿಯನ್ನೂ ಬಿಡದೆ ಜಾಡಿಸಿತು.

ನಮ್ಮಲ್ಲಿ? 2023ರಲ್ಲಿ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ತನಗೆ ಬೇಕಾದ ಸರ್ಕಾರಿ ಸಂಸ್ಥೆಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರ ತಾನೇ ಇಟ್ಟುಕೊಂಡಿತು. ಕೈಗೆ ಸಿಕ್ಕಿದ್ದೇ ಸಂದರ್ಭ ಎಂದು, ಅದೇ ಕಾಯ್ದೆಯಲ್ಲಿ ಮಾಹಿತಿ ಹಕ್ಕಿನ ಒಂದು ಕಲಮನ್ನೂ ತಿದ್ದಿ, 'ವೈಯಕ್ತಿಕ ಮಾಹಿತಿ' ಎಂದು ಹೇಳಿ ಕೈ ತೊಳೆದುಕೊಳ್ಳುವ ದಾರಿಯನ್ನು ಅಗಲ ಮಾಡಿತು. ಪ್ರಜೆಯ ಗುಟ್ಟು ಸರ್ಕಾರಕ್ಕೆ ತೆರೆದಿರಲಿ, ಸರ್ಕಾರದ ಗುಟ್ಟು ಪ್ರಜೆಗೆ ಮುಚ್ಚಿರಲಿ. ಇದಕ್ಕೆ ಇಟ್ಟ ಹೆಸರು ಖಾಸಗಿತನ.

ಒಂದು ಕೆಲಸ ಮಾತ್ರ ನಮ್ಮ ರಾಜ್ಯದಲ್ಲಿ ನೆಟ್ಟಗೆ ಆಗಿದೆ, ಹೇಳಲೇಬೇಕು. 2025ರ ಗಿಗ್ ಕಾರ್ಮಿಕರ ಕಾನೂನು. ಡೆಲಿವರಿ ಹುಡುಗನ ಐಡಿಯನ್ನು ಆ್ಯಪ್ ತನ್ನಿಷ್ಟಕ್ಕೆ ಕಿತ್ತುಹಾಕುವಂತಿಲ್ಲ. ಕಾರಣ ಬರೆದು, 14 ದಿನ ಮೊದಲೇ ನೋಟಿಸು ಕೊಡಬೇಕು. ಅವನನ್ನು ಅಳೆಯುವ ಯಂತ್ರ ಹೇಗೆ ಅಳೆಯುತ್ತದೆ ಎಂದೂ ತಿಳಿಸಬೇಕು. ಕಾಗದದ ಮೇಲಾದರೂ ಬಂದಿದೆ.

ಹಾಗಾದರೆ ಕೇಳೋಣ. ಡೆಲಿವರಿ ಹುಡುಗನಿಗೆ ಕಂಪನಿ ಕಾರಣ ಕೊಡಬೇಕು ಎಂದು ಗುಡುಗುವ ಸರ್ಕಾರ, ಅಕ್ಕಿ ಕಳೆದುಕೊಂಡ ಹೆಂಗಸಿಗೆ ತಾನೇಕೆ ಕಾರಣ ಕೊಡುವುದಿಲ್ಲ? ಹೊಸ ಕಾನೂನು ಬೇಕಿಲ್ಲ. ಎಐ ನೀತಿಯೂ ಬೇಕಿಲ್ಲ, ಸಮ್ಮೇಳನವೂ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಡಿ) ಇಪ್ಪತ್ತು ವರ್ಷಗಳಿಂದ ಇದನ್ನೇ ಹೇಳುತ್ತಿದೆ: ಯಾವುದೇ ಸಾರ್ವಜನಿಕ ಪ್ರಾಧಿಕಾರ ತನ್ನ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ಕೊಡಬೇಕು. 'ಯಂತ್ರ ಹೇಳಿತು' ಕಾರಣವಲ್ಲ. ಯಂತ್ರವನ್ನು ಕೊಂಡವರು, ಕೂರಿಸಿದವರು, ಅದರ ಮಾತಿಗೆ ತಲೆಯಾಡಿಸಿದವರು ಎಲ್ಲರೂ ಸಂಬಳ ಪಡೆಯುವ ಮನುಷ್ಯರು.

ಆದ್ದರಿಂದ ಓದುಗರೇ, ಯಂತ್ರಕ್ಕೆ ನೀತಿಯಿದೆಯೇ ಎಂಬ ಚರ್ಚೆಯನ್ನು ಹೋಟೆಲಿನವರಿಗೆ ಬಿಟ್ಟುಬಿಡಿ. ನಿಮ್ಮ ಕಾರ್ಡು, ಪಿಂಚಣಿ, ಮಗಳ ವಿದ್ಯಾರ್ಥಿವೇತನ ಯಾವುದನ್ನೇ ಸಿಸ್ಟಮ್ ತಿರಸ್ಕರಿಸಿದರೂ ಕೌಂಟರಿನ ಮುಂದೆ ಜಗಳ ಆಡಬೇಡಿ. ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆಯಿರಿ. ನಮ್ಮ ರಾಜ್ಯದಲ್ಲಿ ಅದು 150 ಪದ ಮೀರುವಂತಿಲ್ಲ, ಒಂದೇ ವಿಷಯ ಇರಬೇಕು. ಪರವಾಗಿಲ್ಲ, ಕೇಳಬೇಕಾದ್ದೂ ಒಂದೇ: ಈ ತೀರ್ಮಾನಕ್ಕೆ ಸಹಿ ಹಾಕಿದ ಅಧಿಕಾರಿ ಯಾರು, ಏನು ಕಾರಣ ಕೊಟ್ಟಿದ್ದಾರೆ? 30 ದಿನದಲ್ಲಿ ಉತ್ತರ ಕೊಡಬೇಕು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ಆ ಕಾರ್ಡನ್ನು ಯಂತ್ರ ಇನ್ನೂ ಉಳಿಸಿದ್ದರೆ.